ಇಂಗ್ಲಿಷ್ ಕೆಟ್ಟಿತೆಂಬ ಹಳೆಯ ದೂರು

ಜೊನಾಥನ್ ಸ್ವಿಫ್ಟ್ ಹೆಸರು ಕೇಳಿದ ಕೂಡಲೇ ನಮಗೆ ನೆನಪಾಗುವುದು ಗಲಿವರ್ ಮತ್ತು ಲಿಲಿಪುಟ್ಟಿನ ಗೇಣುದ್ದದ ಜನ. ಆ ಪುಸ್ತಕ ಹೊರಬರುವುದಕ್ಕೆ ಹದಿನಾಲ್ಕು ವರ್ಷ ಮೊದಲು, 1712ರಲ್ಲಿ, ಆತ ಬ್ರಿಟನ್ನಿನ ಖಜಾನೆಯ ಮುಖ್ಯಸ್ಥನಾಗಿದ್ದ ರಾಬರ್ಟ್ ಹಾರ್ಲಿಗೆ ಒಂದು ದೀರ್ಘ ಪತ್ರ ಬರೆದು ಅಚ್ಚು ಹಾಕಿಸಿದ. ಪತ್ರದ ತಿರುಳು ಇಷ್ಟೇ: ಇಂಗ್ಲಿಷ್ ದಿನೇ ದಿನೇ ಕೆಡುತ್ತಿದೆ, ತಡೆಯುವವರಿಲ್ಲ. ಕೆಡಿಸಿದವರು ಯಾರೆಂದರೆ ಆಸ್ಥಾನದ ಶೋಕಿಲಾಲರು, ನಾಟಕಕಾರರು, ಛಂದಸ್ಸಿಗೆ ಹೊಂದಿಸಲು ಪದಗಳನ್ನು ಮೊಟಕು ಮಾಡುವ ಕವಿಗಳು, ವಿಶ್ವವಿದ್ಯಾಲಯದಿಂದ ಆಗಷ್ಟೇ ಹೊರಬಿದ್ದ ಹುಡುಗರು. ಫ್ರಾನ್ಸಿನಲ್ಲಿರುವಂಥ ಅಕಾಡೆಮಿಯೊಂದನ್ನು ಕಟ್ಟಿ ಭಾಷೆಯನ್ನು ತಿದ್ದಿ ಶಾಶ್ವತವಾಗಿ ನಿಲ್ಲಿಸಿಬಿಡಬೇಕು ಎಂಬುದು ಆತನ ಸಲಹೆ. ಅದಕ್ಕೂ ಎರಡು ವರ್ಷ ಮೊದಲು 'ಟ್ಯಾಟ್ಲರ್' ಪತ್ರಿಕೆಯಲ್ಲಿ ಆತ ಕಿಡಿಕಾರಿದ್ದ ಪದಗಳಲ್ಲಿ 'ಮಾಬ್' ಒಂದು. ಚಂಚಲ ಜನಸ್ತೋಮ ಎಂಬರ್ಥದ 'ಮೊಬಿಲೆ ವಲ್ಗಸ್' ಎಂಬ ಲ್ಯಾಟಿನ್ ಮಾತನ್ನು ಸೋಮಾರಿಗಳು ತುಂಡರಿಸಿದ್ದರು. 1714ರಲ್ಲಿ ಆನ್ ರಾಣಿ ತೀರಿಕೊಂಡಳು, ಹಾರ್ಲಿಯ ಪಕ್ಷ ಅಧಿಕಾರ ಕಳೆದುಕೊಂಡಿತು, ಅಕಾಡೆಮಿ ಹುಟ್ಟಲೇ ಇಲ್ಲ. 'ಮಾಬ್' ಮಾತ್ರ ಉಳಿದುಕೊಂಡಿತು. ಇಂದು ಕನ್ನಡ ಪತ್ರಿಕೆಗಳೂ 'ಮಾಬ್ ಲಿಂಚಿಂಗ್' ಎಂದು ಸಲೀಸಾಗಿ ಬರೆಯುತ್ತವೆ.

ಸ್ವಿಫ್ಟ್ ಈ ದೂರಿನ ಮೊದಲಿಗನೇನಲ್ಲ. 14ನೇ ಶತಮಾನದಲ್ಲೇ ಚೆಸ್ಟರ್ ಮಠದ ಸನ್ಯಾಸಿ ರಾನುಲ್ಫ್ ಹಿಗ್ಡೆನ್, ಡೇನರ ಮತ್ತು ನಾರ್ಮನ್ನರ ಸಹವಾಸದಿಂದ ನಾಡಿನ ಮಾತು ಹಾಳಾಯಿತೆಂದು ತನ್ನ ಚರಿತ್ರೆಯ ಗ್ರಂಥದಲ್ಲಿ ಬರೆದಿದ್ದ. ಕವಿ ಚಾಸರ್ ಇನ್ನೂ ಕ್ಯಾಂಟರ್‌ಬರಿಯ ಕಥೆಗಳನ್ನು ಬರೆದಿರದ ಕಾಲ ಅದು. ಅಂದರೆ, ನಾವು ಇಂದು ಇಂಗ್ಲಿಷ್ ಸಾಹಿತ್ಯವೆಂದು ಕರೆಯುವುದರ ಬಹುಪಾಲು ಹುಟ್ಟುವ ಮೊದಲೇ ಇಂಗ್ಲಿಷ್ ಹಾಳಾಗಿಹೋಗಿತ್ತು! 1557ರಲ್ಲಿ ಕೇಂಬ್ರಿಜ್‌ನ ಗ್ರೀಕ್ ವಿದ್ವಾಂಸ ಜಾನ್ ಚೀಕ್ ಪರಭಾಷೆಯ ಪದಗಳ ಕಲಬೆರಕೆ ಬೇಡವೆಂದು ಬೇಡಿಕೊಂಡ. 1789ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ನಿಘಂಟುಕಾರ ನೋವಾ ವೆಬ್‌ಸ್ಟರ್‌ಗೆ ಬರೆದ ಪತ್ರದಲ್ಲಿ 'ನೋಟಿಸ್', 'ಅಡ್ವೊಕೇಟ್', 'ಪ್ರೋಗ್ರೆಸ್' ಎಂಬ ನಾಮಪದಗಳನ್ನು ಕ್ರಿಯಾಪದಗಳಾಗಿ ಬಳಸುವುದನ್ನು ಹೇಗಾದರೂ ನಿಲ್ಲಿಸಿ ಎಂದು ಕೇಳಿಕೊಂಡ. ಕವಿ ಕೋಲ್‌ರಿಜ್‌ಗೆ 'ಟ್ಯಾಲೆಂಟೆಡ್' ಎಂಬ ಪದ ಕೇಳಿದರೆ ಮೈ ಉರಿಯುತ್ತಿತ್ತು.

ಇವರೆಲ್ಲರಿಗಿಂತ ನನ್ನನ್ನು ಹಿಡಿದು ನಿಲ್ಲಿಸುವವನು ಕ್ವೇಕರ್ ಪಂಥದ ಸ್ಥಾಪಕ ಜಾರ್ಜ್ ಫಾಕ್ಸ್. 1660ರಲ್ಲಿ ಆತ ಇಬ್ಬರು ಸಂಗಡಿಗರೊಂದಿಗೆ ಏಕವಚನ ಬಹುವಚನಗಳ ಮೇಲೆಯೇ ಒಂದು ದೊಡ್ಡ ಪುಸ್ತಕ ಹೊರತಂದ. ಒಬ್ಬ ಮನುಷ್ಯನನ್ನು 'ಯೂ' ಎನ್ನುವುದು ಶುದ್ಧ ತಪ್ಪು, ಅದು ಬಹುವಚನ, ಒಬ್ಬನಿಗೆ 'ದೌ' ಎನ್ನಬೇಕು ಎಂದು ಹತ್ತಾರು ಭಾಷೆಗಳ ಉದಾಹರಣೆ ಕೊಟ್ಟು ವಾದಿಸಿದ. ವ್ಯಾಕರಣದ ದೃಷ್ಟಿಯಿಂದ ಅವನ ಮಾತು ಸುಳ್ಳಲ್ಲ. ಮೇಲಿನವರಿಗೆ ಬಹುವಚನದ ಗೌರವ, ಕೆಳಗಿನವರಿಗೆ ಏಕವಚನ ಎಂಬ ರೂಢಿಯನ್ನು ಮುರಿಯಬೇಕೆಂಬ ಸಮಾನತೆಯ ಹಟವೂ ಅದರ ಹಿಂದಿತ್ತು. 'ನೀನು', 'ನೀವು'ಗಳ ನಡುವೆ ದಿನವೂ ಆಯ್ಕೆ ಮಾಡುವ ನಮಗೆ ಆ ಹಟದ ಬಿಸಿ ಅರ್ಥವಾಗುತ್ತದೆ. ಆದರೆ ಇಂಗ್ಲಿಷ್ ಫಾಕ್ಸ್‌ನ ಮಾತು ಕೇಳಲಿಲ್ಲ. 'ದೌ' ಪ್ರಾರ್ಥನೆಗಳಲ್ಲೂ ಕೆಲವು ಪ್ರಾಂತ್ಯಗಳ ಆಡುಮಾತಿನಲ್ಲೂ ಉಳಿದು, ಉಳಿದೆಡೆ ಮಾಯವಾಯಿತು. ಈಗ ಒಬ್ಬ ವ್ಯಕ್ತಿಯನ್ನು 'ದೇ' ಎನ್ನಬಾರದು, ಅದು ಬಹುವಚನ ಎಂದು ಸಿಟ್ಟಾಗುವವರು, ತಾವು ಒಬ್ಬರನ್ನು 'ಯೂ' ಎನ್ನುವಾಗ ಫಾಕ್ಸ್‌ನ ಲೆಕ್ಕದಲ್ಲಿ ಅದೇ ತಪ್ಪು ಮಾಡುತ್ತಿರುತ್ತಾರೆ. ಏಕವಚನದ 'ದೇ' ಕೂಡ ನಿನ್ನೆ ಮೊನ್ನೆಯದಲ್ಲ, 14ನೇ ಶತಮಾನದ ಬರಹಗಳಲ್ಲೇ ಸಿಗುತ್ತದೆ.

ಈ ಕೊರಗು ಇಂಗ್ಲಿಷಿನವರ ಸ್ವಂತ ಆಸ್ತಿಯೂ ಅಲ್ಲ. ಲ್ಯಾಟಿನ್ನಿನಲ್ಲಿ 'ಅಪೆಂಡಿಕ್ಸ್ ಪ್ರೋಬಿ' ಎಂಬ ಹಳೆಯ ಪಟ್ಟಿಯೊಂದಿದೆ. ಯಾರೋ ಒಬ್ಬ ಮೇಷ್ಟ್ರು ಹುಡುಗರ ತಪ್ಪುಗಳನ್ನು ತಿದ್ದಲು ಬರೆದಂತಿರುವ ಅದರಲ್ಲಿ ಇನ್ನೂರಕ್ಕೂ ಹೆಚ್ಚು ನಮೂನೆಗಳಿವೆ: ಇದು ಸರಿ, ಅದಲ್ಲ. ಕಣ್ಣಿಗೆ 'ಓಕುಲಸ್' ಎನ್ನಬೇಕು, 'ಓಕ್ಲಸ್' ಎನ್ನಬಾರದು ಎಂದು ಅದು ಎಚ್ಚರಿಸುತ್ತದೆ. ಇಟಾಲಿಯನ್ನರು ಇಂದು ಕಣ್ಣಿಗೆ 'ಓಕ್ಯೋ' ಎನ್ನುತ್ತಾರೆ. ಅದು ಬಂದದ್ದು ಮೇಷ್ಟ್ರು ಹೊಡೆದುಹಾಕಿದ ರೂಪದಿಂದ. ಆ ತಪ್ಪುಗಳ ರಾಶಿಯಿಂದಲೇ ದಾಂತೆಯ ಭಾಷೆ ಬೆಳೆಯಿತು. ನಮ್ಮಲ್ಲಿ 12ನೇ ಶತಮಾನದ ನಯಸೇನ, ಕನ್ನಡಕ್ಕೆ ಸಂಸ್ಕೃತ ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಎಂದು ಗೊಣಗಿದ್ದು ಎಲ್ಲರಿಗೂ ಗೊತ್ತು. ಮುಂದಿನ ಶತಮಾನದಲ್ಲಿ ಕೇಶಿರಾಜ ಹಳಗನ್ನಡಕ್ಕೆ ವ್ಯಾಕರಣ ಬರೆಯುವ ಹೊತ್ತಿಗೆ ಜನರ ಬಾಯಲ್ಲಿ 'ಪಾಲು' 'ಹಾಲು' ಆಗುತ್ತಿತ್ತು.

ಇಷ್ಟು ಹೇಳಿದ ಮೇಲೆ ಭಾಷಾವಿಜ್ಞಾನಿಗಳ ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ: ಎಲ್ಲ ಕಾಲದಲ್ಲೂ ದೂರಿದ್ದಾರೆ, ಎಲ್ಲ ಕಾಲದಲ್ಲೂ ದೂರು ಸುಳ್ಳಾಗಿದೆ, ಆದ್ದರಿಂದ ಈಗಿನದೂ ಸುಳ್ಳು. ಇದು ನನಗೆ ಒಪ್ಪಿಗೆಯಾಗುವ ತರ್ಕವಲ್ಲ. ಹತ್ತು ಸಲ ಸುಳ್ಳೇ ತೋಳ ಬಂತೆಂದು ಕೂಗಿದರೂ ಹನ್ನೊಂದನೆಯ ಸಲ ತೋಳ ಬರಬಹುದು. ಇಂಗ್ಲಿಷ್ ಕೆಡುತ್ತಿದೆಯೇ ಎಂಬ ಒಂದೇ ಪ್ರಶ್ನೆಯ ಹೊಟ್ಟೆಯಲ್ಲಿ ಬೇರೆ ಬೇರೆ ಪ್ರಶ್ನೆಗಳಿವೆ. ಭಾಷೆ ಕೆಡುವುದು ಬೇರೆ, ಅದನ್ನು ಓದಿ ಬರೆಯುವವರ ಕೈ ಸೋಲುವುದು ಬೇರೆ, ಸರಕಾರ, ಕಂಪನಿ, ಕೋರ್ಟುಗಳು ಬರೆಯುವ ಗದ್ಯ ಹಳಸುವುದು ಇನ್ನೂ ಬೇರೆ. ಶತಮಾನಗಳ ಈ ಜಗಳದ ಬಹುಪಾಲು ಗೊಂದಲ, ಇವನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ ಹುಟ್ಟಿದ್ದು.

ಭಾಷೆಯ ವಿಷಯದಲ್ಲಿ ಉತ್ತರ ಸುಲಭ. ಹಳೆಯ ಇಂಗ್ಲಿಷಿನಲ್ಲಿ ನಮ್ಮ ಕನ್ನಡದ ಹಾಗೆ ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿದ್ದವು. ಯಾರು ಯಾರನ್ನು ಹೊಡೆದರು ಎಂಬುದು ಪ್ರತ್ಯಯದಿಂದಲೇ ತಿಳಿಯುತ್ತಿತ್ತು. ನಾರ್ಮನ್ನರ ಕಾಲದ ಆಚೀಚೆ ಅವೆಲ್ಲ ಸವೆದುಹೋದವು. ಆಗಿನ ಶುದ್ಧಿವಾದಿಯೊಬ್ಬನಿಗೆ ಅದು ಮಹಾ ಕುಸಿತವಾಗಿ ಕಂಡಿರಬೇಕು. ಆದರೆ ಪ್ರತ್ಯಯ ಬಿಟ್ಟ ಕೆಲಸವನ್ನು ಪದಗಳ ಕ್ರಮ ಮತ್ತು ಪ್ರಿಪೊಸಿಷನ್‌ಗಳು ವಹಿಸಿಕೊಂಡವು. ಕನ್ನಡದಲ್ಲಿ 'ರಾಮನನ್ನು ಕೃಷ್ಣ ಕರೆದ' ಎಂದರೂ 'ಕೃಷ್ಣ ರಾಮನನ್ನು ಕರೆದ' ಎಂದರೂ ಕರೆದವನು ಕೃಷ್ಣನೇ. ಇಂಗ್ಲಿಷಿನಲ್ಲಿ ಹೆಸರುಗಳ ಜಾಗ ಬದಲಿಸಿದರೆ ಕರೆದವನೇ ಬದಲಾಗುತ್ತಾನೆ. ಒಂದು ಕಡೆ ಸವೆದದ್ದನ್ನು ಭಾಷೆ ಇನ್ನೊಂದು ಕಡೆ ತುಂಬಿಕೊಳ್ಳುತ್ತದೆ. ಬಳಸುವವರಿದ್ದಾಗಲೂ ಸವೆದು ಸವೆದು ನಿರುಪಯೋಗಿಯಾದ ಭಾಷೆ ಎಂಬುದು ಚರಿತ್ರೆಯಲ್ಲಿ ಕಂಡಿಲ್ಲ. ಭಾಷೆಗಳು ಸಾಯುವುದು ಮಾತಾಡುವವರು ಅವನ್ನು ಬಿಟ್ಟಾಗ, ತಪ್ಪು ಮಾತಾಡಿದಾಗ ಅಲ್ಲ.

ಇನ್ನು 'ತಪ್ಪು' ಎಂದು ನಾವು ಶಾಲೆಯಲ್ಲಿ ಕಲಿತ ಅನೇಕ ನಿಯಮಗಳ ಜಾತಕ ನೋಡಿದರೆ ನಗು ಬರುತ್ತದೆ. ವಾಕ್ಯವನ್ನು ಪ್ರಿಪೊಸಿಷನ್‌ನಿಂದ ಮುಗಿಸಬಾರದೆಂಬುದು 17ನೇ ಶತಮಾನದಲ್ಲಿ ಕವಿ ಡ್ರೈಡನ್ ಲ್ಯಾಟಿನ್ ಗುಂಗಿನಲ್ಲಿ ಎತ್ತಿದ ತಕರಾರು. 'ಟು' ಮತ್ತು ಕ್ರಿಯಾಪದದ ನಡುವೆ ಇನ್ನೊಂದು ಪದ ತೂರಿಸಬಾರದೆಂಬ ಕಟ್ಟಳೆ 19ನೇ ಶತಮಾನದ್ದು. 1864ರಲ್ಲಿ ಪಾದ್ರಿ ಹೆನ್ರಿ ಆಲ್ಫರ್ಡ್ ರಾಣಿಯ ಇಂಗ್ಲಿಷಿನ ಬಗ್ಗೆ ಬರೆದ ಪುಸ್ತಕದಿಂದ ಅದಕ್ಕೆ ಬಲ ಬಂತು. ತಮಾಷೆಯೆಂದರೆ, ಅದೇ ವರ್ಷ ವಾಷಿಂಗ್ಟನ್ ಮೂನ್ ಎಂಬಾತ ಪಾದ್ರಿಯ ಇಂಗ್ಲಿಷಿನಲ್ಲೇ ರಾಶಿ ತಪ್ಪು ಹುಡುಕಿ ಪ್ರತಿ ಪುಸ್ತಕ ಬರೆದ. 1762ರಲ್ಲಿ ಜನಪ್ರಿಯ ವ್ಯಾಕರಣ ಬರೆದ ರಾಬರ್ಟ್ ಲೌತ್, ತಪ್ಪಿಗೆ ಉದಾಹರಣೆ ಆರಿಸಿದ್ದು ಶೇಕ್ಸ್‌ಪಿಯರ್, ಮಿಲ್ಟನ್ ಮತ್ತು ಸ್ವಿಫ್ಟ್‌ರಿಂದ. ಹೌದು, ಅಕಾಡೆಮಿ ಬೇಕೆಂದ ಅದೇ ಸ್ವಿಫ್ಟ್. ಸ್ಯಾಮ್ಯುಯೆಲ್ ಜಾನ್ಸನ್ ಮಾತ್ರ ಇವರೆಲ್ಲರಿಗಿಂತ ಪ್ರಾಮಾಣಿಕ. 1747ರಲ್ಲಿ ನಿಘಂಟಿನ ಯೋಜನೆ ಬರೆದಾಗ ಆತನಿಗೂ ಭಾಷೆಯನ್ನು ಕಟ್ಟಿಹಾಕುವ ಆಸೆಯಿತ್ತು. ಎಂಟು ವರ್ಷ ನಲವತ್ತು ಸಾವಿರಕ್ಕೂ ಹೆಚ್ಚು ಪದಗಳ ಜೊತೆ ಗುದ್ದಾಡಿದ ಮೇಲೆ, 1755ರ ಮುನ್ನುಡಿಯಲ್ಲಿ, ಅಂಥ ಆಸೆ ಇಟ್ಟುಕೊಂಡ ನಿಘಂಟುಕಾರ ನಗೆಪಾಟಲಿಗೆ ತಕ್ಕವನು ಎಂದು ಒಪ್ಪಿಕೊಂಡ.

ನಿಯಮ ಬೇಕೆನ್ನುವವರು, ಬಳಕೆಯೇ ನಿಯಮವೆನ್ನುವವರು ಎಂಬ ಎರಡು ಬಣಗಳ ಅತಿ ದೊಡ್ಡ ಕಾಳಗ ನಡೆದದ್ದು 1961ರಲ್ಲಿ, ಅಮೆರಿಕದ 'ವೆಬ್‌ಸ್ಟರ್ಸ್ ಥರ್ಡ್' ನಿಘಂಟು ಬಂದಾಗ. ಸಂಪಾದಕ ಫಿಲಿಪ್ ಗೋವ್, ಜನ ಬಳಸುವುದನ್ನು ದಾಖಲಿಸುವುದಷ್ಟೇ ನಿಘಂಟಿನ ಕೆಲಸ ಎಂಬ ನಿಲುವು ತಳೆದಿದ್ದರು. 'ಏಂಟ್' ಪದಕ್ಕೆ ಕೊಟ್ಟ ವಿವರಣೆ ಸಾಕಷ್ಟು ಕಟುವಾಗಿರಲಿಲ್ಲವೆಂದು ಪತ್ರಿಕೆಗಳು ಬೊಬ್ಬಿಟ್ಟವು. ಇನ್ನೊಂದು ಪ್ರಕಾಶನ ಸಂಸ್ಥೆ ಆ ನಿಘಂಟು ತಂದ ಕಂಪನಿಯನ್ನೇ ಕೊಂಡು ಅದನ್ನು ಅಡಗಿಸಲು ನೋಡಿತು. ಆಗದೆ, 1969ರಲ್ಲಿ 'ಅಮೆರಿಕನ್ ಹೆರಿಟೇಜ್' ಎಂಬ ಸ್ವಂತ ನಿಘಂಟು ತಂದು, ಯಾವ ಬಳಕೆ ಒಪ್ಪಿತ, ಯಾವುದಲ್ಲ ಎಂದು ಮತ ಹಾಕಲು ಲೇಖಕರು, ಸಂಪಾದಕರು, ವಿದ್ವಾಂಸರ ಒಂದು ಮಂಡಳಿಯನ್ನು ಕೂರಿಸಿತು. ಆ ಮಂಡಳಿ 2018ರಲ್ಲಿ ವಿಸರ್ಜನೆಯಾಯಿತು. ಜಗಳ ಆರಿಹೋಯಿತೆಂದಲ್ಲ. ಮುದ್ರಿತ ನಿಘಂಟುಗಳಿಗೆ ಬೇಡಿಕೆ ಕಡಿಮೆಯಾಗಿತ್ತು, ಅಷ್ಟೆ. ನಿಘಂಟುಕಾರ ಬ್ರಯಾನ್ ಗಾರ್ನರ್ ಪದಬಳಕೆ ಕುರಿತ ತಮ್ಮ ನಿಘಂಟಿನಲ್ಲಿ ಪ್ರತಿ ವಿವಾದಿತ ರೂಪವೂ ಐದು ಮೆಟ್ಟಿಲಲ್ಲಿ ಎಲ್ಲಿದೆ ಎಂದು ಗುರುತಿಸುತ್ತಾರೆ. ಮೊದಲನೆಯದು ಎಲ್ಲರೂ ಬೈಯುವ ಹೊಸ ತಪ್ಪು, ಐದನೆಯದು ಎಲ್ಲರೂ ಒಪ್ಪಿದ ರೂಢಿ. ನನಗೆ ಇದು ಹಿಡಿಸಿದ ದಾರಿ. ನಿಯಮವೂ ಬೇಕು, ಅದಕ್ಕೊಂದು ಆಯುಷ್ಯವೂ ಇದೆಯೆಂದು ತಿಳಿದಿರಬೇಕು.

ನನಗೂ ಸಿಟ್ಟು ಬರುವ ಬಳಕೆಗಳಿವೆ. 'ಲಿಟರಲಿ' ಎಂಬುದನ್ನು ಅದರ ಅರ್ಥಕ್ಕೆ ನೇರ ವಿರುದ್ಧವಾಗಿ ಬಳಸಿದರೆ ಹಲ್ಲು ಕಡಿಯುತ್ತೇನೆ. ಆದರೆ ಆ ಬಳಕೆಯ ಉದಾಹರಣೆ 1769ರ ಕಾದಂಬರಿಯೊಂದರಲ್ಲೇ ಇದೆ. ಇದು ಈಗಿನ ಹುಡುಗರ ಕೆಲಸ ಎಂದುಕೊಂಡಿದ್ದರೆ, ಆ ಹುಡುಗರಿಗೆ ಈಗ ಇನ್ನೂರೈವತ್ತು ವರ್ಷ ದಾಟಿದೆ.

ಬರೆಯುವವರ ಕೌಶಲದ ಪ್ರಶ್ನೆ ಇಷ್ಟು ಹಗುರವಲ್ಲ. ಇಲ್ಲಿ ಅಭಿಪ್ರಾಯ ಬೇಡ, ಎಣಿಕೆ ಬೇಕು. ಅದೃಷ್ಟವಶಾತ್ ಕೆಲವರು ಕೂತು ಎಣಿಸಿದ್ದಾರೆ. ಅಮೆರಿಕದ ರಾಬರ್ಟ್ ಕಾನರ್ಸ್ ಮತ್ತು ಆಂಡ್ರಿಯಾ ಲನ್ಸ್‌ಫರ್ಡ್ 1980ರ ದಶಕದಲ್ಲಿ ದೇಶದ ಕಾಲೇಜುಗಳಿಂದ ವಿದ್ಯಾರ್ಥಿಗಳ ಪ್ರಬಂಧಗಳನ್ನು ತರಿಸಿ, 3,000 ಪ್ರಬಂಧಗಳ ತಪ್ಪುಗಳನ್ನು ಲೆಕ್ಕ ಹಾಕಿದರು. 1917 ಮತ್ತು 1930ರ ಹಳೆಯ ಎಣಿಕೆಗಳ ಪಕ್ಕದಲ್ಲಿಟ್ಟು ನೋಡಿದರು. ನೂರು ಪದಕ್ಕೆ ತಪ್ಪುಗಳು 1917ರಲ್ಲಿ 2.11, 1930ರಲ್ಲಿ 2.24, 1986ರಲ್ಲಿ 2.26. ಇಪ್ಪತ್ತು ವರ್ಷಗಳ ಬಳಿಕ, ಮೊಬೈಲ್ ಫೋನು, ಇಂಟರ್ನೆಟ್ಟು ಬಂದ ಮೇಲೆ ಮತ್ತೆ ಎಣಿಸಿದಾಗ 2.45. ಎರಡು ಮಹಾಯುದ್ಧ, ರೇಡಿಯೊ, ಟೀವಿ, ಕಂಪ್ಯೂಟರ್ ಎಲ್ಲ ಬಂದು ಹೋದರೂ ಗೆರೆ ಹೆಚ್ಚುಕಡಿಮೆ ನೆಟ್ಟಗಿದೆ. ಬದಲಾದದ್ದು ಬೇರೆ. 1917ರ ಪ್ರಬಂಧದ ಸರಾಸರಿ ಉದ್ದ 162 ಪದ, 2006ರದ್ದು 1,038. ಹಿಂದಿನ ಹುಡುಗರು ಸ್ವಂತ ಅನುಭವ ಬರೆಯುತ್ತಿದ್ದರೆ, 2006ರವರು ಆಧಾರ ಹುಡುಕಿ ವಾದ ಕಟ್ಟಬೇಕಾಗಿತ್ತು. ತಪ್ಪಿನ ಜಾತಿಯೂ ಬದಲಾಯಿತು. ಮೊದಲು ಕಾಗುಣಿತದ ತಪ್ಪೇ ಹೆಚ್ಚು. 2006ರ ಹೊತ್ತಿಗೆ ತಪ್ಪು ಪದದ ಆಯ್ಕೆ ಮೇಲಕ್ಕೆ ಬಂತು. ಇದರಲ್ಲಿ ಒಂದಷ್ಟು ಪಾಲು ಕಾಗುಣಿತ ತಿದ್ದುವ ತಂತ್ರಾಂಶದ್ದೇ. ಅದು ಸೂಚಿಸಿದ ಮೊದಲ ಪದವನ್ನು ಹುಡುಗರು ಕಣ್ಣುಮುಚ್ಚಿ ಒತ್ತಿದ್ದರು.

ಎಸ್ಸೆಮ್ಮೆಸ್ ಬಗ್ಗೆ ಎದ್ದ ಗುಲ್ಲು ನೆನಪಿರಬಹುದು. 2007ರಲ್ಲಿ ಬಿಬಿಸಿಯ ಜಾನ್ ಹಂಫ್ರೀಸ್, ಮೊಬೈಲ್ ಸಂದೇಶದವರು ಭಾಷೆಯ ಮೇಲೆ ಚೆಂಗಿಸ್ ಖಾನನ ದಾಳಿ ನಡೆಸುತ್ತಿದ್ದಾರೆಂದು ಪತ್ರಿಕೆಯಲ್ಲಿ ಹರಿಹಾಯ್ದರು. ಸ್ವಿಫ್ಟ್‌ಗೆ 'ಮಾಬ್' ಹೇಗೋ ಇವರಿಗೆ ಸ್ವರಾಕ್ಷರ ಬಿಟ್ಟ ತುಂಡು ಪದಗಳು ಹಾಗೆ. ಅದೇ ಹೊತ್ತಿಗೆ ಕವೆಂಟ್ರಿ ವಿಶ್ವವಿದ್ಯಾಲಯದ ಬೆವರ್ಲಿ ಪ್ಲೆಸ್ಟರ್, ಕ್ಲೇರ್ ವುಡ್ ಮತ್ತು ಜೊತೆಗಾರರು 10ರಿಂದ 12 ವರ್ಷದ ಮಕ್ಕಳನ್ನು ಪರೀಕ್ಷಿಸಿ ನೋಡಿದರೆ, ಸಂದೇಶಗಳಲ್ಲಿ ತುಂಡು ಪದ ಹೆಚ್ಚು ಬಳಸುವ ಮಕ್ಕಳೇ ಪದ ಓದುವುದರಲ್ಲಿ ಮುಂದಿದ್ದರು. ಅಕ್ಷರಕ್ಕೂ ಉಚ್ಚಾರಕ್ಕೂ ಇರುವ ಸಂಬಂಧ ಚೆನ್ನಾಗಿ ಗೊತ್ತಿದ್ದವರಿಗೆ ಮಾತ್ರ ಅದನ್ನು ಮುರಿದು ಆಡಲು ಬರುತ್ತದೆ.

'ಹಿಂದಿನವರ ಇಂಗ್ಲಿಷ್ ಎಷ್ಟು ಚೆಂದ' ಎಂಬ ಮಾತಿನಲ್ಲಿ ಇನ್ನೊಂದು ಕಣ್ಕಟ್ಟು ಇದೆ. ನಮ್ಮ ಮನೆಗಳಲ್ಲೂ ಇದನ್ನು ಕೇಳುತ್ತೇವೆ: ತಾತ ಮೆಟ್ರಿಕ್ಯುಲೇಷನ್ ಅಷ್ಟೇ ಓದಿದ್ದು, ಆದರೆ ಅರ್ಜಿ ಬರೆದರೆ ಕಲೆಕ್ಟರು ತಲೆದೂಗಬೇಕು, ಈಗಿನ ಪದವೀಧರನಿಗೆ ರಜೆ ಚೀಟಿ ಬರೆಯಲು ಬಾರದು. ತಾತ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕವನ್ನು ಅರೆದು ಕುಡಿದಿದ್ದಿರಬಹುದು. ಆದರೆ 1951ರ ಜನಗಣತಿಯಲ್ಲಿ ದೇಶದ ಅಕ್ಷರಸ್ಥರೇ ನೂರಕ್ಕೆ 18. ಮೆಟ್ರಿಕ್ ಮುಟ್ಟಿದವರು ಅವರಲ್ಲೂ ಬೆರಳೆಣಿಕೆ. ಆ ಚಿಕ್ಕ ಗುಂಪಿನ ಅತ್ಯುತ್ತಮರನ್ನು ಇಂದು ಕಾಲೇಜಿಗೆ ಬರುವ ಕೋಟಿಗಟ್ಟಲೆ ಮಕ್ಕಳ ಸರಾಸರಿಯ ಜೊತೆ ತೂಗುವುದು ನ್ಯಾಯವಲ್ಲ. ಅಮೆರಿಕದಲ್ಲೂ 1900ರಲ್ಲಿ ಹೈಸ್ಕೂಲು ಮುಗಿಸುತ್ತಿದ್ದವರು ನೂರಕ್ಕೆ ಆರರಷ್ಟು. ಆ ಆರಿಸಿ ತೆಗೆದ ಮಕ್ಕಳ ಬರವಣಿಗೆಯ ಬಗ್ಗೆಯೂ 19ನೇ ಶತಮಾನದ ಕೊನೆಗೆ ಹಾರ್ವರ್ಡ್ ಸಮಿತಿಗಳು ಹಣೆ ಚಚ್ಚಿಕೊಂಡು ವರದಿ ಬರೆದಿವೆ.

ಇಲ್ಲಿಯವರೆಗೆ ದೂರುದಾರರ ಕೈ ಬರಿದು. ಆದರೆ ಈಚಿನ ಹತ್ತು ಹದಿನೈದು ವರ್ಷಗಳ ಒಂದು ಸುದ್ದಿ ನನ್ನನ್ನು ನಿಜಕ್ಕೂ ಕಾಡುತ್ತದೆ, ಅದು ಬರೆಯುವುದಕ್ಕಿಂತ ಓದುವುದಕ್ಕೆ ಸೇರಿದ್ದು. ಒಇಸಿಡಿ ಸಂಸ್ಥೆ 16ರಿಂದ 65 ವರ್ಷದ ವಯಸ್ಕರ ಓದಿನ ಸಾಮರ್ಥ್ಯ ಅಳೆಯುತ್ತದೆ. ಅಮೆರಿಕದಲ್ಲಿ ಅದರ ಅತಿ ಕೆಳಗಿನ ಹಂತಗಳಲ್ಲಿ, ಅಂದರೆ ಚಿಕ್ಕ ಸರಳ ಪಠ್ಯದಿಂದಾಚೆಗೆ ತೊಡಕುವ ಹಂತಗಳಲ್ಲಿ ಇದ್ದವರು 2017ರಲ್ಲಿ ನೂರಕ್ಕೆ 19, 2023ರಲ್ಲಿ 28. ವಲಸೆ ಬಂದವರು, ಮುದುಕರಾದವರು ಎಂದು ಸ್ವಲ್ಪ ಭಾಗಕ್ಕೆ ಸಮಜಾಯಿಷಿ ಕೊಡಬಹುದು, ಪೂರ್ತಿಗೆ ಆಗದು. ಯಾವುದೇ ಒಂದು ದಿನ ಖುಷಿಗಾಗಿ ಏನನ್ನಾದರೂ ಓದುವ ಅಮೆರಿಕನ್ನರು 2004ರಲ್ಲಿ ನೂರಕ್ಕೆ 28 ಇದ್ದವರು 2023ಕ್ಕೆ 16ಕ್ಕೆ ಇಳಿದಿದ್ದಾರೆ. ಬ್ರಿಟನ್ನಿನ ನ್ಯಾಷನಲ್ ಲಿಟರಸಿ ಟ್ರಸ್ಟ್ 2005ರಿಂದ ಮಕ್ಕಳನ್ನು ಕೇಳುತ್ತ ಬಂದಿದೆ. 2024ರಲ್ಲಿ ಬಿಡುವಿನಲ್ಲಿ ಓದುವುದು ಇಷ್ಟ ಎಂದವರು ಮೂವರಲ್ಲಿ ಒಬ್ಬರು ಮಾತ್ರ, ಅಲ್ಲಿಯವರೆಗಿನ ಅತಿ ಕಡಿಮೆ. ಇದನ್ನು ಭಾಷೆಯ ಕೇಡು ಎನ್ನಲಾರೆ. ಉದ್ದದ ವಾಕ್ಯವೊಂದನ್ನು ಅದರ ಉಪವಾಕ್ಯಗಳ ಜೊತೆ ತಲೆಯಲ್ಲಿ ಹಿಡಿದು ನಿಲ್ಲುವ ಅಭ್ಯಾಸ ತಪ್ಪಿಹೋಗುತ್ತಿದೆ. ಅಲ್ಪವಿರಾಮ ಎಲ್ಲಿ ಬೀಳಬೇಕೆಂದು ಜಗಳವಾಡುವವರು ಈ ಅಂಕಿಗಳ ಮುಂದೆ ಸುಮ್ಮನಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಬಹುಶಃ, ಬೈಯಲು ಇಲ್ಲಿ ಒಬ್ಬ ತಪ್ಪಿತಸ್ಥ ಹುಡುಗ ಸಿಗುವುದಿಲ್ಲ.

ಸಾರ್ವಜನಿಕ ಗದ್ಯಕ್ಕೆ ಬಂದರೆ ತಪ್ಪಿತಸ್ಥರು ಬೇಕಾದಷ್ಟು ಸಿಗುತ್ತಾರೆ, ಆದರೆ ಅವರು ಹುಡುಗರಲ್ಲ. ಜಾರ್ಜ್ ಆರ್ವೆಲ್ 1946ರ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ. ಅವರ ಗುರಿ ವ್ಯಾಕರಣ ತಪ್ಪಿದವರಲ್ಲ; ಸಿದ್ಧ ನುಡಿಗಟ್ಟುಗಳನ್ನು ಜೋಡಿಸಿ ಯೋಚನೆಯನ್ನೇ ತಪ್ಪಿಸುವ ಪ್ರಾಧ್ಯಾಪಕರು, ಊರಿಗೆ ಬಾಂಬು ಹಾಕುವುದಕ್ಕೆ ಮೆತ್ತನೆಯ ಹೆಸರಿಡುವ ರಾಜಕಾರಣಿಗಳು. ಆ ಪ್ರಬಂಧದ ಕೊನೆಯ ಆರು ಸೂತ್ರಗಳನ್ನು ಪತ್ರಿಕೋದ್ಯಮದ ತರಗತಿಗಳಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಕರ್ಮಣಿ ಪ್ರಯೋಗ ಬೇಡ ಎಂಬ ಸೂತ್ರವನ್ನು ಆರ್ವೆಲ್ ಸ್ವತಃ ಪಾಲಿಸಿಲ್ಲ. ಅದಿರಲಿ, ರೋಗ ಅವರು ಕಂಡಂತೆಯೇ ಇದೆ.

ಅದನ್ನು ಅಂಕಿಗಳಲ್ಲಿ ಹಿಡಿದ ಒಂದು ಪ್ರಸಂಗ ಇದೆ. ಫ್ರಾಂಕೊ ಮೊರೆಟ್ಟಿ ಮತ್ತು ಡೊಮಿನಿಕ್ ಪೆಸ್ತ್ರ್ ಎಂಬ ಇಬ್ಬರು ವಿದ್ವಾಂಸರು ವಿಶ್ವಬ್ಯಾಂಕಿನ 1946ರಿಂದ 2012ರವರೆಗಿನ ವಾರ್ಷಿಕ ವರದಿಗಳ ಪದಗಳನ್ನೆಲ್ಲ ಎಣಿಸಿ 2015ರಲ್ಲಿ ಒಂದು ಲೇಖನ ಬರೆದರು. ಮೊದಲ ದಶಕಗಳ ವರದಿಗಳಲ್ಲಿ ಅಣೆಕಟ್ಟು, ಬಂದರು, ರಸ್ತೆ, ಉಕ್ಕು. ಯಾವ ದೇಶಕ್ಕೆ ಎಷ್ಟು ಸಾಲ, ಯಾವ ವರ್ಷ ಏನು ಕಟ್ಟಿದರು ಎಂಬುದು ಭೂತಕಾಲದ ಕ್ರಿಯಾಪದಗಳಲ್ಲಿ. ಈಚಿನ ವರದಿಗಳಲ್ಲಿ ಕಣ್ಣಿಗೆ ಕಾಣುವ ವಸ್ತುಗಳೇ ಕಡಿಮೆ. ಆಡಳಿತ, ಪಾಲುದಾರಿಕೆ, ಸಬಲೀಕರಣ, ಸುಸ್ಥಿರತೆ ಎಂಬ ಭಾವನಾಮಗಳು ಒಂದರ ಬೆನ್ನಿಗೆ ಒಂದು ಬಂದು, ಅವನ್ನು ಪೋಣಿಸುವ 'ಆಂಡ್' ಎಂಬ ಪುಟ್ಟ ಪದದ ಪಾಲು ಏರುತ್ತಲೇ ಹೋಗಿದೆ. ಯಾರನ್ನೂ ಬಿಡಬಾರದು, ಯಾರಿಗೂ ಬೇಸರವಾಗಬಾರದು ಎಂದು ಹತ್ತು ಇಲಾಖೆಗಳ ಹತ್ತು ಪದಗಳನ್ನು ಒಂದೇ ವಾಕ್ಯದಲ್ಲಿ ತುರುಕಿದರೆ ಇನ್ನೇನಾದೀತು? ಒಂದರಲ್ಲೂ ವ್ಯಾಕರಣದ ತಪ್ಪಿಲ್ಲ. ಯಾರು ಏನು ಮಾಡಿದರು ಎಂಬುದು ಮಾತ್ರ ಸಿಗುವುದಿಲ್ಲ.

ಪಾಲ್ ರೋಮರ್ ವಿಶ್ವಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞರಾಗಿ ಬಂದಾಗ ಇದನ್ನು ಗಂಭೀರವಾಗಿ ತೆಗೆದುಕೊಂಡರು. ವರದಿಯಲ್ಲಿ 'ಆಂಡ್' ಪ್ರಮಾಣ ನೂರಕ್ಕೆ 2.6 ಮೀರಿದರೆ ಪ್ರಕಟಣೆಗೆ ಬಿಡುವುದಿಲ್ಲ, ಇಮೇಲ್ ಚಿಕ್ಕದಿರಲಿ, ನೇರ ವಿಷಯಕ್ಕೆ ಬನ್ನಿ ಎಂದು ಹಟ ಹಿಡಿದರು. 2017ರ ಮೇ ತಿಂಗಳಲ್ಲಿ ಬಂದ ಸುದ್ದಿ: ಸಂಶೋಧನಾ ವಿಭಾಗದ ಆಡಳಿತ ಅವರ ಕೈತಪ್ಪಿದೆ. ಭಾಷೆಯೊಂದೇ ಕಾರಣವಿರಲಾರದು, ಸಿಬ್ಬಂದಿಯನ್ನು ನಡೆಸಿಕೊಂಡ ಒರಟುತನವೂ ಸೇರಿತ್ತು. ಮರುವರ್ಷ ಜನವರಿಯಲ್ಲಿ ಅವರು ಬ್ಯಾಂಕನ್ನೇ ಬಿಟ್ಟರು, ಅದೇ ವರ್ಷ ನೊಬೆಲ್ ಪಡೆದರು. ಆದರೂ ಒಂದು ಸಂಸ್ಥೆಗೆ ಮಂಜುಗಟ್ಟಿದ ಗದ್ಯ ಎಷ್ಟು ಬೇಕಾದ ವಸ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಂಥ ಗದ್ಯದ ವಿರುದ್ಧ 1979ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ಸರಕಾರಿ ಫಾರಂಗಳನ್ನು ಚೂರು ಮಾಡಿ ಸರಳ ಇಂಗ್ಲಿಷಿನ ಚಳವಳಿ ಆರಂಭಿಸಿದ ಕ್ರಿಸ್ಸಿ ಮಾಹರ್ ಹದಿಹರೆಯದವರೆಗೆ ಓದಲು ಬಾರದಿದ್ದ ಹೆಂಗಸು. ಗದ್ಯ ಯಾರನ್ನು ಹೊರಗಿಡುತ್ತದೆಂದು ಹೊರಗೆ ನಿಂತವರಿಗೆ ಬೇಗ ಕಾಣುತ್ತದೆ.

ನಮ್ಮ ದೇಶದ ಕೋರ್ಟುಗಳು ಇದೇ ಕಥೆಯ ಇನ್ನೊಂದು ಅಧ್ಯಾಯ. 2017ರಲ್ಲಿ ಸುಪ್ರೀಂ ಕೋರ್ಟ್, ಮನೆ ಮಾಲೀಕ ಮತ್ತು ಬಾಡಿಗೆದಾರನ ವ್ಯಾಜ್ಯದಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟಿನಿಂದ ಬಂದ ತೀರ್ಪು ತನಗೆ ಅರ್ಥವೇ ಆಗುವುದಿಲ್ಲವೆಂದು ವಾಪಸು ಕಳುಹಿಸಿತು. 2021ರಲ್ಲಿ ಅದೇ ಹೈಕೋರ್ಟಿನ ಇನ್ನೊಂದು ತೀರ್ಪು ಓದಿದ ನ್ಯಾಯಮೂರ್ತಿಯೊಬ್ಬರು ತಲೆಗೆ ಟೈಗರ್ ಬಾಮ್ ಹಚ್ಚಿಕೊಳ್ಳಬೇಕಾಯಿತೆಂದು ತೆರೆದ ನ್ಯಾಯಾಲಯದಲ್ಲೇ ಹೇಳಿದರು. ಮುಂದಿನ ವರ್ಷ ಸುಪ್ರೀಂ ಕೋರ್ಟ್, ಪ್ಯಾರಾಗಳಿಗೆ ಅಂಕಿ ಹಾಕಿ, ವಿಷಯ, ಕಾನೂನು, ನಿರ್ಣಯ ಬಿಡಿಸಿ ಬರೆಯಿರಿ ಎಂದು ತೀರ್ಪು ಬರೆಯುವ ಬಗ್ಗೆಯೇ ಪಾಠ ಹೇಳಿತು. ಹೈಕೋರ್ಟಿನ ಆ ತೀರ್ಪುಗಳಲ್ಲಿ ಎಸ್ಸೆಮ್ಮೆಸ್ ಭಾಷೆಯ ಸುಳಿವೂ ಇಲ್ಲ. ಇಂಗ್ಲಿಷ್ ಎಂದರೆ ಗಂಭೀರವಾಗಿರಬೇಕು, ಒಂದು ಪದ ಸಾಲುವಲ್ಲಿ ಲ್ಯಾಟಿನ್ ಮೂಲದ ಮೂರು ಪದ ಬೀಳಬೇಕು ಎಂಬ ಹಳೆಯ ಅಂಜಿಕೆಯೇ ಅಲ್ಲಿದೆ. ವಿಕ್ಟೋರಿಯಾ ಕಾಲದ ಬ್ರಿಟಿಷರು 'ಬಾಬು ಇಂಗ್ಲಿಷ್' ಎಂದು ಗೇಲಿ ಮಾಡಿದ್ದೂ ಇದನ್ನೇ. ಆ ಗೇಲಿಯಲ್ಲಿ ದರ್ಪವಿತ್ತು. ಅರ್ಜಿಯ ಆ ಶೈಲಿಯನ್ನು ಕಲಿಸಿದ್ದು ತಮ್ಮದೇ ಶಾಲೆ, ಕಚೇರಿಗಳು ಎಂಬುದನ್ನು ಅವರು ಮರೆತಿದ್ದರು.

ಹಾಗಾದರೆ ಯಾರ ಇಂಗ್ಲಿಷ್ ಅಳತೆಗೋಲು? 1990ರ ಆಸುಪಾಸು ಲಂಡನ್ನಿನ ರ‍್ಯಾಂಡಾಲ್ಫ್ ಕ್ವರ್ಕ್, ಕಲಿಯುವವರಿಗೆ ಒಂದೇ ಮಾನದಂಡ ಇರಬೇಕೆಂದರೆ, ಕಾಶ್ಮೀರದಲ್ಲಿ ಹುಟ್ಟಿ ಅಮೆರಿಕದಲ್ಲಿ ಕಲಿಸುತ್ತಿದ್ದ ಬ್ರಜ್ ಕಚ್ರು, ಭಾರತ, ನೈಜೀರಿಯಾ, ಸಿಂಗಪುರಗಳ ಇಂಗ್ಲಿಷ್ ಅರೆಕಲಿಕೆಯ ತಪ್ಪುಗಳಲ್ಲ, ಸ್ವಂತ ಕಟ್ಟಳೆಯುಳ್ಳ ಇಂಗ್ಲಿಷ್‌ಗಳೇ ಎಂದು ಉತ್ತರಿಸಿದರು. 2011ರ ಜನಗಣತಿಯಲ್ಲಿ ಇಂಗ್ಲಿಷ್ ತಾಯ್ನುಡಿ ಎಂದ ಭಾರತೀಯರು ಸುಮಾರು ಎರಡೂವರೆ ಲಕ್ಷ. ಎರಡನೆಯ ಅಥವಾ ಮೂರನೆಯ ನುಡಿ ಎಂದವರು ಸುಮಾರು 13 ಕೋಟಿ. ಇಷ್ಟು ಜನರ ಬಾಯಲ್ಲಿ ಓಡಾಡುವ ಭಾಷೆ ಇಂಗ್ಲೆಂಡಿನ ಕೆಂಟ್ ಜಿಲ್ಲೆಯಲ್ಲಿ ಇದ್ದಂತೆಯೇ ಇರಬೇಕೆಂದರೆ ಹೇಗೆ? ಹಾಸನದ ರಾಜಾ ರಾವ್ 1938ರ 'ಕಾಂತಾಪುರ'ದ ಮುನ್ನುಡಿಯಲ್ಲಿ ಈ ಪ್ರಶ್ನೆಯನ್ನು ಕಚ್ರುಗಿಂತ ಅರ್ಧ ಶತಮಾನ ಮೊದಲೇ ಎತ್ತಿ, ಕಾದಂಬರಿಯಲ್ಲಿ ಕನ್ನಡದ ಅಜ್ಜಿಯ ಉಸಿರಿನ ಓಟವನ್ನೇ ಇಂಗ್ಲಿಷಿಗೆ ತಂದರು. ಅದೇ ಕಾಲದಲ್ಲಿ ಮೈಸೂರಿನ ಆರ್.ಕೆ. ನಾರಾಯಣ್ ಹಿಡಿದದ್ದು ತದ್ವಿರುದ್ಧ ದಾರಿ, ಅಲಂಕಾರವಿಲ್ಲದ ಪುಟ್ಟ ವಾಕ್ಯಗಳದ್ದು. ಎರಡೂ ಕೆಡದ ಇಂಗ್ಲಿಷೇ. 'ಪ್ರಿಪೋನ್' ಪದ ಭಾರತೀಯರ ಅಪಭ್ರಂಶವೆಂದು ನಾಚಿಕೊಳ್ಳುವವರಿಗೆ ಒಂದು ಸಮಾಧಾನ: 1913ರಲ್ಲೇ 'ನ್ಯೂಯಾರ್ಕ್ ಟೈಮ್ಸ್'ಗೆ ಬರೆದ ಓದುಗನೊಬ್ಬ ಆ ಪದವನ್ನು ಟಂಕಿಸಿದ್ದ. ಅಮೆರಿಕನ್ನರು ಬಿಟ್ಟದ್ದನ್ನು ನಾವು ಸಾಕಿದೆವು.

ಆದರೆ ಈ ಜಗಳಕ್ಕೆ 2022ರ ನವೆಂಬರಿನಿಂದ ಬೇರೆಯೇ ತಿರುವು ಬಂದಿದೆ. ಚಾಟ್‌ಜಿಪಿಟಿ ಮತ್ತು ಅದರ ಬಳಗ ಬರೆಯುವ ಇಂಗ್ಲಿಷಿನಲ್ಲಿ ಕಾಗುಣಿತದ ತಪ್ಪಿಲ್ಲ, ಕರ್ತೃ ಕ್ರಿಯಾಪದಗಳ ಹೊಂದಾಣಿಕೆ ತಪ್ಪುವುದಿಲ್ಲ, ಅಲ್ಪವಿರಾಮ ಸರಿಯಾಗಿ ಬೀಳುತ್ತದೆ. ಲೌತ್, ಆಲ್ಫರ್ಡ್‌ರ ಅಳತೆಗೋಲಿನಲ್ಲಿ ಅಳೆದರೆ ಇಂಗ್ಲಿಷ್ ಯಾವ ಕಾಲದಲ್ಲೂ ಇಷ್ಟು ಶುದ್ಧವಾಗಿರಲಿಲ್ಲ. ಆದರೂ ಓದುಗರಿಗೆ ಅದರಲ್ಲಿ ರುಚಿಯಿಲ್ಲ. ವಿಶ್ವಬ್ಯಾಂಕಿನ ವರದಿಯ ಗುಣವೇ ಈಗ ಎಲ್ಲರ ಕೈಗೆ ಸಿಕ್ಕಿದೆ: ತಪ್ಪಿಲ್ಲದ, ಹೊಣೆಯಿಲ್ಲದ ಗದ್ಯ. ಜರ್ಮನಿಯ ದಿಮಿತ್ರಿ ಕೋಬಾಕ್ ಮತ್ತು ಜೊತೆಗಾರರು ವೈದ್ಯವಿಜ್ಞಾನ ಲೇಖನಗಳ ಸುಮಾರು 1.5 ಕೋಟಿ ಸಾರಾಂಶಗಳನ್ನು ಜಾಲಾಡಿ, 2024ರವುಗಳಲ್ಲಿ ನೂರಕ್ಕೆ 13ಕ್ಕಾದರೂ ಯಂತ್ರದ ಕೈ ಸೋಕಿದೆಯೆಂದು ಅಂದಾಜು ಮಾಡಿದರು. ಸುಳಿವು ಕೊಟ್ಟದ್ದು 'ಡೆಲ್ವ್'ನಂಥ ಪದಗಳ ಹಠಾತ್ ಏರಿಕೆ.

ಅದೇ ವರ್ಷ ಏಪ್ರಿಲ್‌ನಲ್ಲಿ ಸಿಲಿಕಾನ್ ವ್ಯಾಲಿಯ ಹೂಡಿಕೆದಾರ ಪಾಲ್ ಗ್ರಹಾಂ, ತಮಗೆ ಬಂದ ಪತ್ರದಲ್ಲಿ 'ಡೆಲ್ವ್' ಕಂಡಿತು, ಇದು ಯಂತ್ರದ್ದೇ ಬರಹ ಎಂದು ಹಂಗಿಸಿದರು. ನೈಜೀರಿಯಾದವರು ಮುಗಿಬಿದ್ದು ಉತ್ತರಿಸಿದರು: ನಮಗೆ ಶಾಲೆಯಲ್ಲಿ ಕಲಿಸಿದ ಇಂಗ್ಲಿಷೇ ಇದು. ನಮ್ಮವರಿಗೂ ಆ ಉತ್ತರ ಚೆನ್ನಾಗಿ ಒಗ್ಗುತ್ತದೆ. ವಸಾಹತಿನ ಶಾಲೆಗಳು ಬೆತ್ತ ಹಿಡಿದು ಕಲಿಸಿದ ಅಚ್ಚುಕಟ್ಟು, ಪುಸ್ತಕದ, ತುಸು ಹಳೆಯ ಇಂಗ್ಲಿಷ್ ಈಗ ಶಂಕೆಗೆ ಗುರಿಯಾಗಿದೆ. ತಪ್ಪು ಮಾಡಿದರೆ ಬಾಬು ಎನ್ನುತ್ತಿದ್ದ ಲೋಕ, ತಪ್ಪು ಮಾಡದಿದ್ದರೆ ಯಂತ್ರ ಎನ್ನುತ್ತಿದೆ. ವಿದ್ಯಾರ್ಥಿಗಳು ಬೇಕೆಂದೇ ಒಂದೆರಡು ಕಾಗುಣಿತ ತಪ್ಪಿಸಿ ಪ್ರಬಂಧ ಕೊಡುವ ಕಾಲ ಬಂದರೆ ಸ್ವಿಫ್ಟ್ ಏನೆನ್ನುತ್ತಿದ್ದನೋ.

ಅಮೆರಿಕದ ಹಲವು ಕಾಲೇಜುಗಳಲ್ಲಿ ಈಗ ಮೇಷ್ಟ್ರುಗಳು ಹಳೆಯ ನೀಲಿ ರಟ್ಟಿನ ಉತ್ತರ ಪುಸ್ತಿಕೆಗೆ ಮರಳಿದ್ದಾರೆ. ತರಗತಿಯಲ್ಲೇ ಕೂತು, ಫೋನು ಹೊರಗಿಟ್ಟು, ಪೆನ್ನಿನಲ್ಲಿ ಬರೆಯಬೇಕು. ಲನ್ಸ್‌ಫರ್ಡ್ ಮಾಡಿದ ಎಣಿಕೆಯನ್ನು ಮತ್ತೆ ಮಾಡಬೇಕೆನ್ನುವವರಿಗೆ ಇನ್ನು ಮುಂದೆ ಸಾಮಗ್ರಿ ಸಿಗುವುದು ಅಲ್ಲೇ. ಮನೆಯಿಂದ ಟೈಪು ಮಾಡಿ ತಂದ ಪ್ರಬಂಧಗಳಲ್ಲಿ ಎಣಿಸಲು ತಪ್ಪುಗಳೇ ಉಳಿದಿಲ್ಲ.